ಕೊಡ ಬ್ಯಾಡ, ರೊಕ್ಕ ಹಾಕ್ರಿ

ಮದುವಿ ಫೋಟೋ ತೆಗಿಯೋದು ನನ್ನ ಕೆಲಸ. ಗಂಗಾವತಿಯ ಒಂದು ಮದುವ್ಯಾಗ ಮದುಮಗನ ಸೋದರಮಾವ ಸ್ಕ್ಯಾನ್ ಮಾಡೋ ಡಬ್ಬಿ ಇಟ್ಕೊಂಡು ಸ್ಟೇಜಿನ ಮ್ಯಾಲೆ ಕುಂತಿದ್ದ. ಯಾರರ ಆಯೇರದ ರೊಕ್ಕ ಹಾಕಿದ್ರ ಎಷ್ಟು ಬಂತಂತ ಅದು ಎಲ್ಲಾರ ಮುಂದ ಒದರತಿತ್ತು.

ನವಲಿಯಿಂದ ಬಂದ ಅಜ್ಜಿಯೊಬ್ಬಾಕಿ ಅಕ್ಕಿ ತುಂಬಿದ ಹಿತ್ತಾಳಿ ಕೊಡ ಹೊತ್ಕೊಂಡು ಸ್ಟೇಜ್ ಹತ್ತಿದಳು.

“ಸಾಮಾನು ತಗೊಳ್ಳಂಗಿಲ್ಲ ಯಮ್ಮ, ಮೂಲ್ಯಾಗ ಇಡು,” ಅಂದ ಮಾವ. ನನ್ನ ಕಡೆ ತಿರುಗಿ, “ಈ ಫೋಟೋ ಬ್ಯಾಡ್ರಿ,” ಅಂದ.

ನನ್ನ ಮೈ ಉರದ್ಹೋತು. ಅಜ್ಜಿನ್ನ ಮದುಮಕ್ಕಳ ನಡುವ ನಿಂದ್ರಿಸಿ, ಕೊಡದ ಸಮೇತ ಫೋಟೋ ಹೊಡದೆ.

ಊಟ ಮುಗದ ಮ್ಯಾಲೆ ನನ್ನ ಬಾಕಿ ಕೇಳಿದೆ. ಮಾವ ಅದೇ ಕೊಡ ತಂದು ಮುಂದಿಟ್ಟ.

“ಸದ್ಯಕ್ಕ ಇದನ್ನ ಒಯ್ರಿ. ಭಾಳ ಛಲೋ ಐತಿ.”

“ಸಾಮಾನು ತಗೊಳ್ಳಂಗಿಲ್ರಿ ಸಾವಕಾರ್ರ,” ಅಂದು ನನ್ನ ಮೊಬೈಲ್ ಅವನ ಮಾರಿ ಮುಂದ ಹಿಡದೆ. “ಸ್ಕ್ಯಾನ್ ಮಾಡ್ರಿ. ಇದೂ ಒಮ್ಮೆ ಒದರ್ಲಿ.”