ಅತ್ತೆಯ ನರ, ವೈದ್ಯರ ನರ

ಕಟಕ್... ಕಟಕ್... ಕಟಕ್. ನಾನು ಫ್ರಾಕ್ ತೊಟ್ಟು ಕಾನ್ವೆಂಟಿಗೆ ಹೋಗುತ್ತಿದ್ದ ಕಾಲದಲ್ಲಿ, ತಿರುವನಂತಪುರದ ನಮ್ಮ ಬಾಡಿಗೆ ಮನೆಯ ಸೀಲಿಂಗ್ ಫ್ಯಾನ್ ಹೀಗೆ ಸದ್ದು ಮಾಡುತ್ತಿತ್ತು. ಹೊಸಬರು ಬಂದರೆ, ತಲೆಯ ಮೇಲೆ ಬಿದ್ದೀತು ಅಂತ ಕುರ್ಚಿ ಸರಿಸಿಕೊಂಡು ಕೂರುತ್ತಿದ್ದರು. ನಮಗೆ ಅದೇ ಜೋಗುಳ. ಒಂದು ದಿನ ಆ ಸದ್ದು ನಿಂತುಹೋಯಿತು. ಫ್ಯಾನ್ ಕೆಟ್ಟಿರಲಿಲ್ಲ. ಅತ್ತೆಗೆ ಅದರ ಗಾಳಿ ನೋಯುತ್ತಿತ್ತು.

ಗಾಳಿ ಎಲ್ಲಾದರೂ ನೋಯುತ್ತದೆಯೇ, ಮಕ್ಕಳೇ? ನನಗಂತೂ ಏನೂ ತಿಳಿಯುತ್ತಿರಲಿಲ್ಲ. ಆನೆಸ್ಟ್ಲಿ, ಆ ವರ್ಷವಿಡೀ ನಾನು ಕನ್‌ಫ್ಯೂಸ್ ಆಗಿಯೇ ಇದ್ದೆ.

ಅತ್ತೆ ಅಂದರೆ ಅಪ್ಪನ ಅಕ್ಕ. ಅಪ್ಪನಿಗೆ ಮೈಸೂರಿನಿಂದ ಟ್ರಾನ್ಸ್‌ಫರ್ ಆದಾಗ ನಮ್ಮ ಜೊತೆಗೇ ಬಂದವರು. ಅವರ ಪಕ್ಕೆಗೆ ಅಂಟಿಕೊಳ್ಳದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅವರ ಎಡಪಕ್ಕೆಗೆ ಸರ್ಪಸುತ್ತು ಆಯಿತು. ಅರ್ಧ ಬೆಲ್ಟು ಕಟ್ಟಿದ ಹಾಗೆ ಸಾಲಾಗಿ ಗುಳ್ಳೆಗಳು. ಗುಳ್ಳೆ ಬಾಡಿತು, ಹಕ್ಕಳೆ ಉದುರಿತು, ಚರ್ಮ ಮೊದಲಿನಂತಾಯಿತು. ನೋವು ಮಾತ್ರ ಅಲ್ಲೇ ಉಳಿಯಿತು. ಸೆರಗು ಸೋಕಿದರೆ ಉರಿ, ರವಿಕೆ ತಾಗಿದರೆ ಉರಿ. ಕೊನೆಗೆ ಮನೆಯೊಳಗೆ ಅಪ್ಪನ ದೊಗಲೆ ಶರ್ಟು ಹಾಕಿಕೊಂಡು ಓಡಾಡತೊಡಗಿದರು.

"ವಾಸಿ ಆಯ್ತಲ್ಲ ಅಕ್ಕಾ, ಒಂದು ಕಲೆನೂ ಇಲ್ಲ," ಅಂತ ಅಪ್ಪ ಬೆವರು ಒರೆಸಿಕೊಳ್ಳುತ್ತಾ ನಿಂತ ಫ್ಯಾನನ್ನು ನೋಡುತ್ತಿದ್ದರು.

"ಕಲೆ ಹೋದ್ರೆ ನೋವೂ ಹೋಗುತ್ತೆ ಅಂತ ಯಾರೋ ಹೇಳಿದ್ದು ನಿನಗೆ? ಒಳಗೆ ನರ ಸುಡ್ತಾ ಇದೆ ಕಣೋ."

ನಾನು ಓಡಿ ಹೋಗಿ ತಬ್ಬಿಕೊಳ್ಳಲು ನೋಡಿದರೆ, "ಮುಟ್ಟಬೇಡ ಪುಟ್ಟಿ, ಮುಟ್ಟಬೇಡ!" ನಮ್ಮ ಮನೆಯಲ್ಲಿ ಅದು ಮಡಿಯಲ್ಲಿರುವವರು ಹೇಳುವ ಮಾತು. ಆದರೆ ತಮ್ಮನ ಶರ್ಟು ಹಾಕಿಕೊಂಡವರಿಗೆ ಎಂಥ ಮಡಿ? ಹಾಗಾದರೆ ನನ್ನ ಮೇಲೆ ಕೋಪವೇ? ಕೋಪವಾದರೆ ಊಟದ ಹೊತ್ತಿಗೆ ನನ್ನ ತಟ್ಟೆಗೆ ಜಾಸ್ತಿ ತುಪ್ಪ ಯಾಕೆ ಬಡಿಸುತ್ತಾರೆ? ಯಾರನ್ನು ಕೇಳುವುದೆಂದೂ ತಿಳಿಯದೆ ಅಮ್ಮನ ಹಾಸಿಗೆಗೆ ದಿಂಬು ಸಾಗಿಸಿದೆ.

ಒಂದು ಶನಿವಾರ ಅಪ್ಪ ಅತ್ತೆಯನ್ನು ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೊರಟರು. ನಾನೂ ಹಿಂದೆ ಬಿದ್ದೆ. ಬಸ್ಸಿನಲ್ಲಿ ಯಾರಾದರೂ ತಾಗಿದರೆ ಅಂತ ನಡೆದೇ ಹೋದೆವು. ದಾರಿಯುದ್ದಕ್ಕೂ ಅತ್ತೆ ಸೀರೆಯನ್ನು ಎಡಗೈಯಲ್ಲಿ ಹಿಡಿದು ಪಕ್ಕೆಯಿಂದ ದೂರ ಎತ್ತಿಕೊಂಡೇ ಇದ್ದರು, ಒಳಗೆ ಗುಬ್ಬಿಮರಿ ಇದೆಯೇನೋ ಅನ್ನುವ ಹಾಗೆ. ವೈದ್ಯರ ಕೋಣೆಯ ತುಂಬ ಕಷಾಯದ ಕಮಟು, ಬಿಸಿ ಎಣ್ಣೆಯ ಘಮ. ಅಪರಿಚಿತ ಗಂಡಸಿಗೆ ಪಕ್ಕೆ ತೋರಿಸುವುದುಂಟೇ? ಅತ್ತೆ ತಲೆ ತಗ್ಗಿಸಿ ಕೂತುಬಿಟ್ಟರು. ಮಾತಾಡುವ ಕೆಲಸ ಅಪ್ಪನ ಮೇಲೆ ಬಿತ್ತು. ಅಪ್ಪನ ಮಲಯಾಳಂ ಆಫೀಸಿನಲ್ಲಿ ಚಹಾ ತರಿಸುವಷ್ಟೇ.

"ಎಂಡೆ ಚೇಚಿಕ್ಕ್ ನರ," ಅಂದರು ಅಪ್ಪ. ನನ್ನ ಅಕ್ಕನಿಗೆ ನರ. ಸಾಲದು ಅನ್ನಿಸಿ, "ವಲಿಯ ನರ!" ಅಂತ ಸೇರಿಸಿದರು. ದೊಡ್ಡ ನರ!

ವೈದ್ಯರು ಅತ್ತೆಯ ತಗ್ಗಿದ ತಲೆಯನ್ನು ನೋಡಿ ಮೃದುವಾಗಿ ನಕ್ಕರು. "ಪ್ರಾಯಮಾಯಿಲ್ಲೇ ಸಾರೇ, ನರ ವರುಂ."

"ವಯಸ್ಸಾಯ್ತಲ್ಲ, ನರ ಬರುತ್ತಂತೆ ಅಕ್ಕಾ," ಅಂತ ಅಪ್ಪ ಕನ್ನಡಕ್ಕೆ ತಂದರು.

ಅತ್ತೆಯ ಮುಖ ಅರಳಿತು. ಅಷ್ಟು ದಿನದಲ್ಲಿ ಮೊದಲ ಸಲ ಒಬ್ಬರು 'ಹೌದು, ಬರುತ್ತೆ' ಅಂದಿದ್ದರು! ವೈದ್ಯರು ಹಸಿರುಗಪ್ಪು ಎಣ್ಣೆಯ ಸೀಸೆ ಕೊಟ್ಟು ತಮ್ಮ ನೆತ್ತಿಯನ್ನು ತಟ್ಟಿ ತೋರಿಸಿದರು.

"ನೋವು ಪಕ್ಕೆಗೆ, ಎಣ್ಣೆ ತಲೆಗಾ?" ದಾರಿಯಲ್ಲಿ ಅತ್ತೆಗೆ ಅನುಮಾನ.

"ನರಗಳೆಲ್ಲ ಹೊರಡೋದೇ ತಲೆಯಿಂದ ಅಲ್ವಾ ಅಕ್ಕಾ!" ಅಪ್ಪ ಸೈನ್ಸ್ ಮೇಷ್ಟರ ಹಾಗೆ ಹೇಳಿದರು.

ಅವತ್ತು ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅತ್ತೆ ಕೂಗಿದರು. "ಪುಟ್ಟಿ, ಬಾ. ತಲೆಗೆ ಎಣ್ಣೆ ಹಚ್ಚು."

ನಾನು ದೂರವೇ ನಿಂತೆ. "ಮುಟ್ಟಬಹುದಾ?"

"ತಲೆ ಮುಟ್ಟಬಹುದು ಕಣೇ. ತಲೆ ನೋಯಲ್ಲ."

ನೋಯುತ್ತೆ ಅಂತಲೇ ಮುಟ್ಟಬೇಡ ಅಂದದ್ದು ಅಂತ ಆಗ ಹೊಳೆಯಿತು. ನನ್ನ ಪುಟ್ಟ ಬೆರಳುಗಳು ಆ ಬಿಳಿಗಪ್ಪು ಕೂದಲೊಳಗೆ ಹೊಕ್ಕವು. ನೆಲ್ಲಿಕಾಯಿಯ ಒಗರು ವಾಸನೆ. ಅತ್ತೆ ಕಣ್ಣು ಮುಚ್ಚಿದರು. ಹೆಗಲು ಸಡಿಲವಾಯಿತು. ನಾನು ಮಾತ್ರ ಯಾಕೋ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಹೊತ್ತು ಮುಳುಗುವಾಗ ಪಕ್ಕದ ಮನೆಯ ಚೇಚಿ ಬಂದು ಸೀಸೆಯ ಮೇಲಿನ ಮಲಯಾಳಂ ಓದಿದವರೇ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅವರ ಭಾಷೆಯಲ್ಲಿ ನರ ಅಂದರೆ ನಮ್ಮ ನರೆ, ಬಿಳಿಕೂದಲು! ನಮ್ಮ ನರಕ್ಕೆ ಅವರಲ್ಲಿ ಬೇರೆಯೇ ಹೆಸರು, ಞರಂಬ್. ಅಪ್ಪ ಅಕ್ಕನಿಗೆ ಕೂದಲೆಣ್ಣೆ ಕೊಡಿಸಿಕೊಂಡು ಬಂದಿದ್ದರು.

"ನಿಮ್ಮ ಮಲಯಾಳಂ ಆಫೀಸಲ್ಲೇ ಇರಲಿ," ಅಂದಳು ಅಮ್ಮ.

"ನಗಿಸಬೇಡ್ರೇ, ನಕ್ಕರೂ ನೋಯುತ್ತೆ," ಅನ್ನುತ್ತಾ ಅತ್ತೆ ನಕ್ಕರು. ಆಮೇಲೆ ಗಂಭೀರವಾದರು. 'ಬರುತ್ತೆ' ಅಂದಿದ್ದ ಆ ಒಬ್ಬ ವೈದ್ಯರೂ ಕೈತಪ್ಪಿ ಹೋಗಿದ್ದರಲ್ಲ. ಸೀಸೆಯನ್ನು ಎತ್ತಿಟ್ಟು ನನಗೆ ಹೇಳಿದರು, "ಇರಲಿ ಬಿಡು. ನಾಳೆನೂ ಹಚ್ಚು."

ಎಣ್ಣೆಯಿಂದ ನೋವು ಕಮ್ಮಿಯಾಯಿತೇ? ಇಲ್ಲ ಅನ್ನಬೇಕು. ಆದರೆ ನಾನು ಎಣ್ಣೆ ಹಚ್ಚುವಷ್ಟು ಹೊತ್ತು ಅವರು ಒಂದು ಸಲವೂ 'ಉರಿ' ಅನ್ನಲಿಲ್ಲ. ಅದಕ್ಕೇನು ಅರ್ಥ? ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಕೊಚ್ಚಿಯ ಕಾಕ್ಕನಾಡಿನ ಹನ್ನೆರಡನೇ ಮಹಡಿಯಲ್ಲಿ ನನ್ನ ಪಾದದ ನರಗಳೂ ಸುಡುತ್ತವೆ. ನೆಲ ಮುಟ್ಟಿದ್ದು ತಿಳಿಯುವುದಿಲ್ಲ, ಹೊದಿಕೆ ತಾಗಿದರೆ ಬೆಂಕಿ! ನಿಮಗೆ ಅದರ ಹೆಸರು ಗೊತ್ತು, ನ್ಯೂರೋಪತಿ. ನಾನು ಕನ್ನಡದಲ್ಲಿ ನರಳಿದರೆ ನೀವು ಮಲಯಾಳಂನಲ್ಲಿ "ವೇದನ ಉಂಡೋ ಅಜ್ಜೀ?" ಅನ್ನುತ್ತೀರಿ. ಸೊನ್ನೆಯಿಂದ ಹತ್ತರವರೆಗೆ ನಗುವ, ಅಳುವ ಮುಖಗಳಿರುವ ಡಾಕ್ಟರ ಕಾರ್ಡು ಹಿಡಿದು "ಟುಡೇ ಎತ್ರ?", ಇವತ್ತು ಎಷ್ಟು ಅಂತ ಕೇಳುತ್ತೀರಿ. ನಮ್ಮ ಮನೆಯಲ್ಲಿ ಅತ್ತೆಯನ್ನು ಎಷ್ಟು ಅಂತ ಯಾರೂ ಕೇಳಲಿಲ್ಲ. ನನ್ನನ್ನು ನೀವು ದಿನಾ ಕೇಳುತ್ತೀರಿ. ನಾಲ್ಕೋ, ಏಳೋ? ನೀವು ಪಕ್ಕ ಕೂತಾಗ ಒಂದು, ಎದ್ದು ಹೋದಾಗ ಇನ್ನೊಂದು.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ತಿರುವನಂತಪುರದ ರೈಲ್ವೆ ಸ್ಟೇಷನ್ನಿನಲ್ಲಿ. ಚಿಕ್ಕಪ್ಪ ಅವರನ್ನು ಮೈಸೂರಿಗೆ ಕರೆದೊಯ್ಯಲು ಬಂದಿದ್ದರು. ಗಾರ್ಡ್ ಸೀಟಿ ಊದಿದ. ಎಡ, ಬಲ ಎಲ್ಲ ಮರೆತು ನಾನು ಅವರನ್ನು ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟೆ. ಅತ್ತೆ 'ಹಾ' ಅಂತ ಉಸಿರೆಳೆದರು. ಗಾಬರಿಯಾಗಿ ಬಿಡಿಸಿಕೊಳ್ಳಲು ಹೋದೆ. ನನ್ನ ಬೆನ್ನ ಮೇಲಿದ್ದ ಅವರ ಕೈ ನನ್ನನ್ನು ಬಿಡಲಿಲ್ಲ.