ಎಂಜಿನ್ ಎಳೆದುಕೊಂಡ ಕಾಗದ

ನನ್ನ ಗಂಡ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲಾದರೂ ಆರಾಮವಾಗಿ ಕೂರುತ್ತಾರೆ ಅಂದುಕೊಂಡಿದ್ದೆ. ಎಲ್ಲಿಯ ಆರಾಮ! ನಾನು ಹುಟ್ಟುವ ಮುಂಚಿನ ಕಾರೊಂದನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಅಲ್ಲಿ ಕಿಟಕಿ ಪಕ್ಕ ಇದ್ದ ನನ್ನ ಹೊಲಿಗೆ ಯಂತ್ರ ಅಡುಗೆಮನೆಯ ಕತ್ತಲ ಮೂಲೆ ಸೇರಿತು.

ಕಾರಿನೊಳಗೆ ಕೂತರೆ ಸುಟ್ಟ ಎಣ್ಣೆಯ ವಾಸನೆ. ಎಂಜಿನ್ನಿನ ಹೊಟ್ಟೆಯಲ್ಲಿ ತುಂಬುವ ಹೊಗೆಯನ್ನು ಆ ಕಾಲದವರು ಕೊಳವೆಯಲ್ಲಿ ಕಾರಿನಡಿಗೆ ಬಿಟ್ಟು ಕೈತೊಳೆದುಕೊಂಡಿದ್ದರು. ಅದು ಸಂದಿಗಳಿಂದ ಒಳಗೆ ಬಂದು ನನಗೆ ತಲೆನೋವು ತರುತ್ತಿತ್ತು. ಇವರಿಗೇನೂ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಜ್ವರ ಬಂದಾಗಿನಿಂದ ಇವರ ಮೂಗಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಕೊನೆಗೆ ಕಡ್ಡಿ ಮುರಿದಂತೆ ಹೇಳಿದೆ.

"ಭಾನುವಾರದೊಳಗೆ ವಾಸನೆ ಹೋಗ್ಬೇಕು. ಇಲ್ಲಾಂದ್ರೆ ಎದುರುಮನೆ ಮೇಷ್ಟ್ರು ಕೇಳ್ತಾನೇ ಇದಾರಲ್ಲ, ಕಾರು ಅವರಿಗೇ ಕೊಟ್ಬಿಡಿ."

"ಆಯ್ತು" ಅಂದರು. ಮುಖ ಸಪ್ಪಗಾಯಿತು.

ಹೊಗೆಯನ್ನು ಎಂಜಿನ್ನೇ ವಾಪಸ್ ಎಳೆದುಕೊಂಡು ಸುಡಲಿ ಎಂದು ರಬ್ಬರ್ ಪೈಪು ಹಾಕಿದರು. ನಡುವೆ ಹೆಬ್ಬೆರಳಿನಷ್ಟು ವಾಲ್ವು. ಅದರಲ್ಲಿ ಗಾಳಿ ಒಂದೇ ದಿಕ್ಕಿಗೆ ಹೋಗಬೇಕಂತೆ. ಬಾಯಲ್ಲಿ ಊದಿ ನೋಡಿ, ಸೀಮೆಸುಣ್ಣದಿಂದ ಗುರುತು ಹಾಕಿದ್ದನ್ನು ನಾನೇ ನೋಡಿದ್ದೆ.

ಭಾನುವಾರ ಬೆಳಿಗ್ಗೆ ಎಂಜಿನ್ ಶುರುಮಾಡಿದರು. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಹಳೇ ಕ್ಯಾಲೆಂಡರಿನ ತುಂಡು ಇಟ್ಟರು. ಎಂಜಿನ್ ಕಾಗದವನ್ನು ಒಳಕ್ಕೆ ಎಳೆದುಕೊಂಡರೆ ಎಲ್ಲ ಸರಿ ಇದೆ ಎಂದರ್ಥ. ಅದು ಹಾರಿ ನನ್ನ ಕಾಲ ಬಳಿ ಬಿತ್ತು.

"ಪೈಪು ಎಳೆಯೋಕಾಗದಷ್ಟು ಹೊಗೆ. ಎಂಜಿನ್ನೇ ಸವೆದುಹೋಗಿದೆ ಕಣೇ. ಮುಗೀತು" ಎಂದು ಸ್ಟೂಲಿನ ಮೇಲೆ ಕುಸಿದರು.

ಅವರ ಕೈಯಲ್ಲಿದ್ದ ಒರೆಸುವ ಬಟ್ಟೆ ನೋಡಿದೆ. ತೊಳೆದಿಟ್ಟ ತಟ್ಟೆಯನ್ನೂ ಎರಡು ಸಲ ಒರೆಸದೆ ಊಟಕ್ಕೆ ಕೂರುವ ಜಾಯಮಾನ ಅವರದಲ್ಲ.

"ರೀ, ಆ ಸೀಮೆಸುಣ್ಣದ ಗುರುತು ಎಲ್ಲಿ?"

ನಾಲಿಗೆ ಕಚ್ಚಿಕೊಂಡರು. ಗುರುತನ್ನೂ ಒರೆಸಿ, ವಾಲ್ವನ್ನು ಹಿಂದುಮುಂದಾಗಿ ಕೂರಿಸಿದ್ದರು ಮಹಾರಾಯರು! ಬಿಚ್ಚಿ, ಮತ್ತೆ ಊದಿ ನೋಡಿ, ತಿರುಗಿಸಿ ಹಾಕಿದರು. ಈ ಸಲ ಕಾಗದ ಮೆಲ್ಲಗೆ ಅಂಟಿ ಕೂತಿತು.

"ಈಗ ನೀನು ಬಾ. ನಂಗಂತೂ ಗೊತ್ತಾಗಲ್ಲ. ನೀನು ಹೇಳಿದ್ದೇ ಕೊನೇ ಮಾತು."

ಗಾಜು ಏರಿಸಿಕೊಂಡು ಬೀದಿಯಲ್ಲಿ ಎರಡು ಸುತ್ತು ಹೋದೆವು. ಹಳೇ ಸೀಟಿನ ಧೂಳು ಬಿಟ್ಟರೆ ಬೇರೆ ವಾಸನೆಯೇ ಇಲ್ಲ. ವಾಪಸ್ ಬರುವಷ್ಟರಲ್ಲಿ ಮೇಷ್ಟ್ರು ಗೇಟಿನ ಬಳಿ ನಿಂತಿದ್ದರು.

"ವಾಸನೆ ಇದೆ" ಅಂದುಬಿಟ್ಟರೆ ಸಾಕು, ಶೆಡ್ಡು ಖಾಲಿ. ಸುಳ್ಳೆಂದು ಇವರಿಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಆಸೆ ಬರಲಿಲ್ಲ ಅನ್ನಲಾರೆ, ಬಂತು. ಇವರು ಸ್ಟೀರಿಂಗ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಅಯ್ಯೋ ಪಾಪ ಅನ್ನಿಸಿತು.

"ಇಲ್ಲ ರೀ. ಒಂಚೂರೂ ಇಲ್ಲ."

"ನಿಜವಾಗ್ಲೂ?"

"ನಿಮ್ಮಾಣೆ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಗಾಜು ಇಳಿಸಿದೆ.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ಕಾರು ಕೊಡಲ್ಲ. ಬಂದಿದ್ದೀರಲ್ಲ, ಸ್ವಲ್ಪ ಕೈ ಹಾಕಿ. ಅಡುಗೆಮನೇಲಿರೋ ನನ್ನ ಹೊಲಿಗೆ ಮಿಷನ್ನು ಇದರ ಪಕ್ಕಕ್ಕೆ ತಂದಿಡ್ಬೇಕು."