ಅಣ್ಣ ಒಪ್ಪಿಕೊಂಡ ತಿಂಗಳು

ಲಾಂಡ್ರಿ ಅಕ್ಕನಿಗೆ ಚಿಂತೆ ಮಾಡಲು ಕಾರಣವೇ ಬೇಕೆಂದೇನೂ ಇರಲಿಲ್ಲ. ಫೋನು ಬಂದರೆ ಯಾರಿಗೇನಾಯಿತೋ ಎಂದು ಎದೆ ಧಸಕ್ಕೆನ್ನುತ್ತಿತ್ತು. ಬರದಿದ್ದರೆ, ಏನಾಗಿ ಫೋನು ಮಾಡಲಾಗುತ್ತಿಲ್ಲವೋ ಎಂದು. ಇಲಿ ಅಂದರೆ ಹುಲಿ ಅನ್ನುವ ಜೀವ. ಹತ್ತೊಂಬತ್ತು ವರ್ಷದಿಂದ ಬಟ್ಟೆ ಒಗೆಯುವ ಅಂಗಡಿಯೊಂದರ ಕೌಂಟರಿನಲ್ಲಿ ನಿಂತವಳು. ಬಂದ ಬಟ್ಟೆಯ ಜೇಬು ತಡಕಿ, ಕಲೆ ಎಲ್ಲೆಲ್ಲಿದೆಯೆಂದು ಗಿರಾಕಿಯ ಎದುರಿಗೇ ತೋರಿಸಿ, ಕಾಲರಿಗೆ ನಂಬರಿನ ಚೀಟಿ ಪಿನ್ನು ಮಾಡುವುದು ಅವಳ ಕೆಲಸ. ಇವತ್ತಿನವರೆಗೆ ಒಂದೇ ಒಂದು ಕೋಟು ಅದಲು ಬದಲಾಗಿಲ್ಲ. ಆದರೂ ದಿನಾ ಸಂಜೆ ಶಟರು ಎಳೆಯುವ ಹೊತ್ತಿಗೆ, ಇವತ್ತು ಆಗಿಯೇ ಇದೆ ಎಂದು ಅವಳಿಗೆ ಗ್ಯಾರಂಟಿ.

ಇಂಥವಳಿಗೆ ತಿಂಗಳಿಗೊಂದು ದಿನ ಚಿಂತೆಯಿಂದ ರಜೆ. ಕೊನೆಯ ಭಾನುವಾರ ಊಟ ಮುಗಿಸಿ, ಕಾಲು ಚಾಚಿ ಕೂತು, ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಲ್ಲಿರುವ ಅಣ್ಣನಿಗೆ ತಿಂಗಳ ವರದಿ ಬರೆಯುವಳು. ಏನು ಓದಿದೆ, ಏನು ನೋಡಿದೆ, ಮನೆಯಲ್ಲೇನು, ಅಂಗಡಿ ಎದುರಿನ ಮರದಲ್ಲೇನು. ಮೊದಲು ಕಾಗದದಲ್ಲಿ ಬರೆಯುತ್ತಿದ್ದಳು, ಈಗ ಫೋನಿನಲ್ಲಿ. ಅಣ್ಣ ಪ್ಲಂಬರ್. ಆ ಊರಿನ ಅರ್ಧ ನಲ್ಲಿಗಳು ಅವನ ಮಾತು ಕೇಳುತ್ತವೆ. ಓದುವ ಹುಚ್ಚು ಇಬ್ಬರಿಗೂ ಒಂದೇ ಸಮ, ಅಭಿಪ್ರಾಯ ಮಾತ್ರ ಎಣ್ಣೆ ಸೀಗೆಕಾಯಿ. ತಂಗಿ ಮೆಚ್ಚಿದ ಪುಸ್ತಕವನ್ನು ಅವನು ಹುಡುಕಿ ತಂದು ಓದುವುದೇ ಅದು ಚೆನ್ನಾಗಿಲ್ಲ ಎಂದು ಹೇಳಲಿಕ್ಕೆ. "ಮೂರನೇ ಅಧ್ಯಾಯದಲ್ಲೇ ವಾಷರ್ ಹೋಗಿದೆ, ಆಮೇಲೆ ಬರೀ ಸೋರೋದೇ" ಎಂದು ಬರೆಯುವನು. ಮರ ಚಿಗುರಿತು ಎಂದರೆ, "ಅದು ಚಿಗುರಲ್ಲ, ಮೊಗ್ಗು. ಕನ್ನಡಕ ಒರೆಸಿಕೋ" ಅನ್ನುವ ಆಸಾಮಿ. ಮೂರು ಗಂಟೆ ದೂರದಲ್ಲಿ ಕೂತು! ಉತ್ತರ ಎರಡು ದಿನದೊಳಗೆ ಬರುತ್ತಿತ್ತು, ಅವಳ ವರದಿಗಿಂತ ಉದ್ದವಾಗಿರುತ್ತಿತ್ತು, ಮತ್ತು ಮೂವತ್ತು ವರ್ಷದಲ್ಲಿ ಒಮ್ಮೆಯೂ ಅದರಲ್ಲಿ 'ನೀನು ಹೇಳಿದ್ದು ಸರಿ' ಎಂಬ ಮಾತಿರಲಿಲ್ಲ. ಅದನ್ನು ಓದಿ ಅವಳು ಉರಿದುಕೊಂಡು, ಬೈದುಕೊಂಡು, ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು.

ಈ ಸಲ ಚಳಿ ಬೇಗ ಹಿಂದೆ ಸರಿಯಿತು. ಊರಿಗೆ ಊರೇ ಕಂಬಳಿ, ಸ್ವೆಟರು ಹೊತ್ತುಕೊಂಡು ಅಂಗಡಿಗೆ ಬಂತು. ಕೌಂಟರಿನ ಹಿಂದೆ ಉಣ್ಣೆಯ ಬೆಟ್ಟ, ಮುಂದೆ ಹೂವಿನ ಪರಾಗಕ್ಕೆ ಸೀನುವ ಜನ. ಆ ಗಲಾಟೆಯ ನಡುವೆಯೇ ಓದಿ, ಭಾನುವಾರ ಅವಳು ಬರೆದಳು:

"ಅಣ್ಣಾ, ಈ ತಿಂಗಳು ಎರಡೂವರೆ ಪುಸ್ತಕ. ಮೊದಲನೇದು ಹಡಗಿನ ಅಡುಗೆಯವನ ಕಥೆ, ಆರುನೂರು ಪುಟ. ಅವನು ವಾಪಸ್ ಮನೆ ಬಾಗಿಲು ತಟ್ಟೋ ಜಾಗದಲ್ಲಿ ಕೌಂಟರಲ್ಲೇ ಅತ್ತುಬಿಟ್ಟೆ. ಎದುರಿಗೆ ಕೋಟು ಹಿಡಿದು ನಿಂತಿದ್ದವರು, 'ಯಾಕಮ್ಮಾ, ಕಲೆ ಹೋಗೋದೇ ಇಲ್ವಾ?' ಅಂತ ಗಾಬರಿಯಾದರು. ಎರಡನೇದು ಜೇನುಹುಳಗಳ ಬಗ್ಗೆ. ಅರ್ಧ ಓದಿದ್ದು ಕೊಲೆ ಕಥೆ. ಲೈಬ್ರರಿ ಪ್ರತೀಲಿ ಅರ್ಧದಿಂದಾಚೆ ಹಾಳೆಗಳೇ ಇಲ್ಲ, ಕೊಂದವರು ಯಾರು ಅಂತ ತಿಳೀದೆ ಊಟ ಸೇರ್ತಿಲ್ಲ. ಧಾರಾವಾಹೀಲಿ ದೊಡ್ಡ ಸೊಸೆ ಮತ್ತೆ ಮೆಟ್ಟಿಲಿಂದ ಬಿದ್ದಳು, ಇದು ಮೂರನೇ ಸಲ. ಆದರೂ ಆ ಹುಡುಗಿ ನಟನೆ ಚೆನ್ನಾಗಿದೆ. ಮರ ಪೂರ್ತಿ ಚಿಗುರಿದೆ. ಅಡುಗೆಮನೆ ನಲ್ಲಿ ಮತ್ತೆ ತೊಟ್ಟಿಕ್ಕುತ್ತಾ ಇದೆ."

ಸೋಮವಾರ ಉತ್ತರವಿಲ್ಲ. ಮಂಗಳವಾರ ಇಲ್ಲ. ಬುಧವಾರ ಅವಳು ಕಂಬಳಿಯೊಂದಕ್ಕೆ ಎರಡೆರಡು ನಂಬರು ಚುಚ್ಚಿ ಮತ್ತೆ ಬಿಚ್ಚಿದಳು. ಗುರುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಫೋನು ಟಿಂಗೆಂದಿತು.

"ಪ್ರೀತಿಯ ತಂಗಿ, ನಿನ್ನ ವರದಿ ಓದಿ ಸಂತೋಷವಾಯಿತು. ಪುಸ್ತಕಗಳ ಬಗ್ಗೆ ನೀನು ಹೇಳಿದ್ದೆಲ್ಲ ಸರಿ. ಆ ಹುಡುಗಿ ನಟನೆ ನಿಜವಾಗಿ ಚೆನ್ನಾಗಿದೆ. ಮರ ಚಿಗುರಿದ್ದು ತಿಳಿದು ಖುಷಿಯಾಯಿತು. ನಲ್ಲಿಗೆ ಯಾರಾದರೂ ಒಳ್ಳೆಯ ಪ್ಲಂಬರನ್ನು ಕರೆಸಿ ತೋರಿಸು. ಆರೋಗ್ಯ ನೋಡಿಕೋ."

ಅವಳು ತಿಂಡಿಯ ತಟ್ಟೆ ಸರಿಸಿ ಇನ್ನೊಮ್ಮೆ ಓದಿದಳು. "ಅಣ್ಣಂಗೇನೋ ಆಗಿದೆ" ಅಂದಳು.

ಅವಳ ಗಂಡ ಡ್ರೈವಿಂಗ್ ಕಲಿಸುವವರು. ದಿನವಿಡೀ ಹೊಸಬರ ಪಕ್ಕದಲ್ಲಿ ಕೂತೂ ಕೂತೂ ಯಾವುದಕ್ಕೂ ಹೆದರದ ಮನುಷ್ಯ. "ಬೈದ್ರೂ ಅಳ್ತೀಯ, ಒಪ್ಕೊಂಡ್ರೂ ಅಳ್ತೀಯ. ನಿನ್ನ ಹತ್ರ ಅವರು ಬಾಳೋದು ಹೇಗೆ?" ಎಂದು ನಗುತ್ತ ಫೋನು ತೆಗೆದುಕೊಂಡು ಓದಿದರು. ನಲ್ಲಿಯ ಸಾಲಿಗೆ ಬಂದಾಗ ನಗು ನಿಂತಿತು. ಈ ಮನೆಯ ನಲ್ಲಿಗೆ ಇನ್ನೊಬ್ಬ ಪ್ಲಂಬರ್ ಕೈ ಹಾಕಿದರೆ ಕೈ ಮುರಿಯುತ್ತೇನೆ ಎಂದವನು ಇದೇ ಅಣ್ಣ. ಒಂದು ವಾಷರ್ ಹಾಕಲು ಮೂರು ಗಂಟೆ ಬಸ್ಸಿನಲ್ಲಿ ಬಂದು ಹೋದವನು.

"ಫೋನ್ ಮಾಡು" ಅಂದರು.

ಎತ್ತಿದ್ದು ಅತ್ತಿಗೆ. "ಕೆಲಸಕ್ಕೆ ಹೋಗಿದ್ದಾರೆ, ಫೋನ್ ಮನೇಲೇ ಬಿಟ್ಟು ಹೋಗ್ಬಿಟ್ಟಿದ್ದಾರೆ ನೋಡು." ಮಧ್ಯಾಹ್ನ ಮಾಡಿದರೆ, "ಈಗ ತಾನೇ ಬಂದು ಮಲಗಿದ್ರು." ಸಂಜೆ ಮಾಡಿದರೆ ಕೇಳದೆಯೇ ಶುರು: "ಚೆನ್ನಾಗಿದ್ದಾರೆ, ಏನೂ ಆಗಿಲ್ಲ, ನೀನು ಸುಮ್ಮನೆ ಗಾಬರಿ ಮಾಡ್ಕೋಬೇಡ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಷ್ಟರಲ್ಲಿ ಆ ಕಡೆಯಿಂದ ಯಾರೋ ಗಟ್ಟಿಯಾಗಿ ಕೂಗಿದರು: "ಹದಿನಾಲ್ಕನೇ ಬೆಡ್ ಕಡೆಯವರು ಯಾರ್ರೀ?" ಫೋನು ಕಟ್ಟಾಯಿತು.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಧಣಿಗೆ ರಜೆ ಹೇಳಿ ಬಸ್ಸು ಹತ್ತಿದಳು. ಹತ್ತಿದ ಮೇಲೆ ಅತ್ತಿಗೆಗೆ ಫೋನು ಮಾಡಿ, "ಬಸ್ಸಲ್ಲಿದ್ದೀನಿ. ಯಾವ ಆಸ್ಪತ್ರೆ ಅಂತ ಮಾತ್ರ ಹೇಳಿ" ಅಂದಳು. ಅತ್ತಿಗೆ ಆಸ್ಪತ್ರೆಯ ಹೆಸರು ಹೇಳಿ ಬಿಕ್ಕಿದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಮರಗಳೆಲ್ಲ ಹಸಿರೋ ಹಸಿರು. ಅವಳಿಗೆ ಆ ಹಸಿರಿನ ಮೇಲೆ ಸಿಟ್ಟೇ ಬಂತು. ಇಷ್ಟು ವರ್ಷ ಸುಮ್ಮಸುಮ್ಮನೆ ಹೆದರಿ ಹೆದರಿ, ಈಗ ನಿಜವಾದದ್ದು ಬಂದಾಗ ಹೇಗೆ ಹೆದರಬೇಕೆಂದೇ ತೋಚುತ್ತಿರಲಿಲ್ಲ. ಅಣ್ಣ ಬದುಕಿರಲಿ, ಅಷ್ಟೇ ಸಾಕು ಎಂದುಕೊಂಡಳು. ಮುಂದಿನ ಸ್ಟಾಪಿನಲ್ಲಿ, ಅಷ್ಟೇ ಸಾಲದು, ಅವನು ಅವನಾಗಿಯೇ ಇರಲಿ ಎಂದುಕೊಂಡಳು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಅತ್ತಿಗೆ ಕೂತಿದ್ದರು. ಕೂದಲು ಬಾಚದೆ ಎಷ್ಟು ದಿನವಾಗಿತ್ತೋ.

"ಹನ್ನೊಂದು ದಿನ ಆಯ್ತು. ಯಾರದೋ ಮನೆ ಸಿಂಕಿನ ಕೆಳಗೆ ತೂರಿ ಪೈಪ್ ಬಿಚ್ತಾ ಇದ್ರಂತೆ, ಅಲ್ಲೇ ಹೊಡೀತು ಲಕ್ವ. ಬಲಗಡೆ ಸ್ವಾಧೀನ ಇಲ್ಲ, ಮಾತಿಲ್ಲ. ಸ್ವಲ್ಪ ಸುಧಾರಿಸ್ಲಿ, ಆಮೇಲೆ ನಿಂಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನಿನ್ನ ವರದಿ ಬಂತು. ಉತ್ತರ ಬರೀದಿದ್ರೆ ಅನುಮಾನ ಬರುತ್ತಲ್ಲ ನಿಂಗೆ! ಈ ಬೆಂಚಲ್ಲೇ ಕೂತು ಮೂರು ದಿನ ಬರ್ದೆ. ನಾನೇನು ಓದೋಳಾ? ತಪ್ಪಾಗ್ಬಾರ್ದು ಅಂತ ಎಲ್ಲಾ ಸರಿ ಅಂದ್ಬಿಟ್ಟೆ. ಎಲ್ಲಿ ಸಿಕ್ಕಿಬಿದ್ದೆ?"

"ಪ್ಲಂಬರ್‌ನ ಕರೆಸು ಅಂದ್ರಲ್ಲ ಅತ್ತಿಗೆ."

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗು ಅರ್ಧದಲ್ಲೇ ಅಳುವಾಯಿತು. ನಾದಿನಿ ಅವರ ಬೆನ್ನು ಸವರುತ್ತ ನಿಂತಳು.

"ಒಂದು ವಿಷಯ ಹೇಳಿರ್ತೀನಿ" ಅಂದರು ಅತ್ತಿಗೆ, ಕಣ್ಣೊರೆಸಿಕೊಂಡು. "ಏನು ಕೇಳಿದ್ರೂ ಹೂಂ ಅಂತ ತಲೆ ಆಡಿಸ್ತಾರೆ. ನೀರು ಬೇಕಾ ಅಂದ್ರೂ ಹೂಂ, ಬೇಡ್ವಾ ಅಂದ್ರೂ ಹೂಂ. ನಮ್ಮ ಮಾತು ಒಳಗೆ ಮುಟ್ತಿದ್ಯೋ ಇಲ್ವೋ, ಡಾಕ್ಟರಿಗೂ ಹೇಳೋಕಾಗ್ತಿಲ್ಲ."

ಅಣ್ಣ ಹಾಸಿಗೆಯಲ್ಲಿ ಸಣ್ಣಗೆ ಕಂಡ. ಪೈಪು ತಿರುವಿ ತಿರುವಿ ದಪ್ಪಗಾದ ಬಲಗೈ ಹೊದಿಕೆಯ ಮೇಲೆ ಯಾರೋ ಮರೆತು ಹೋದ ಸಾಮಾನಿನಂತೆ ಬಿದ್ದಿತ್ತು. ಬಾಯಿ ಒಂದು ಕಡೆ ಎಳೆದಿತ್ತು. ತಂಗಿಯನ್ನು ನೋಡಿದ. ನೋಡಿದನೋ, ಅವಳಿದ್ದ ಕಡೆ ಕಣ್ಣು ಇಟ್ಟನೋ.

ಅವಳು ಸ್ಟೂಲಿನಲ್ಲಿ ಕೂತಳು. "ಅಣ್ಣಾ, ಆ ಧಾರಾವಾಹಿ ಇನ್ನೂ ಐದು ವರ್ಷ ನಡೀಬೇಕು, ಅಲ್ವಾ?"

ಅವನು ತಲೆಯಾಡಿಸಿದ. ಹೂಂ.

"ಹಡಗಿನ ಅಡುಗೆಯವನ ಕಥೆ ನಿಂಗೂ ಇಷ್ಟ ಆಗುತ್ತೆ, ಅಲ್ವಾ? ಅಳ್ತೀಯ ಬೇಕಾದ್ರೆ."

ಹೂಂ.

ಕೊನೆಗೆ, ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು. "ನಲ್ಲಿಗೆ ವಾಷರ್ ಹಾಕ್ಲಿಲ್ಲ ಅಣ್ಣಾ. ಹೊಲಿಯೋ ದಾರ ಸುತ್ತಿ ಬಿಗಿ ಮಾಡ್ದೆ. ಸಾಕು, ಅಲ್ವಾ?"

ಅದಕ್ಕೂ ಹೂಂ ಎಂಬಂತೆ ತಲೆಯಾಡಿಸಿದ.

ಹಾಸಿಗೆಯಲ್ಲಿ ಉಸಿರಿದೆ, ಅಣ್ಣ ಇಲ್ಲ. ಇನ್ನು ಯಾರಿಗೆ ಬರೆಯುವುದು? ಪುಸ್ತಕ ಓದಿ ಏನು ಮಾಡುವುದು? ಮೂವತ್ತು ವರ್ಷ ಅವನು ಕೊಟ್ಟ ಒಂದೊಂದು ಬೈಗುಳಕ್ಕೂ ಅವಳ ಜೀವ ಈಗ ಹಂಬಲಿಸಿತು. ಆದರೂ ಬಿಡದೆ ಜೇನುಹುಳದ ಪುಸ್ತಕದ ಕಥೆ ಹೇಳಿದಳು, ಮರದ ಕಥೆ ಹೇಳಿದಳು, ಕೋಟಿನವರು ಗಾಬರಿಯಾದ ಕಥೆ ಹೇಳಿದಳು. ಎಲ್ಲದಕ್ಕೂ ಅದೇ ಹೂಂ. ಪಕ್ಕದ ಹಾಸಿಗೆಯವರು ನಕ್ಕರು, ಅಣ್ಣ ನಗಲಿಲ್ಲ.

ನಾಲ್ಕೂವರೆಗೆ ನರ್ಸ್ ಬಂದು, ಒಬ್ಬರು ಇದ್ದು ಉಳಿದವರು ಹೊರಡಿ ಅಂದರು. ಲಾಂಡ್ರಿ ಅಕ್ಕ ಎದ್ದಳು. ಹೊದಿಕೆಯ ಅಂಚು ಸರಿಮಾಡಿದಳು, ಚೀಲ ಹೆಗಲಿಗೇರಿಸಿದಳು. ಅತ್ತಿಗೆಗೆ ಭಾನುವಾರ ಮತ್ತೆ ಬರುತ್ತೇನೆ ಅಂದಳು. ಆಮೇಲೆ ಹಾಸಿಗೆಯ ಕಡೆ ಬಗ್ಗಿ, ಯಾರ ಮನೆಯಿಂದಲಾದರೂ ಹೊರಡುವಾಗ ಹೇಳುವ ಹಾಗೆ ಹೇಳಿದಳು: "ಐದು ಗಂಟೆಗೆ ಬಸ್ಸಿದೆ. ಹೊರಡ್ಲಾ ಅಣ್ಣಾ?"

ಅವನ ತಲೆ ದಿಂಬಿನ ಮೇಲೆ ಎಡಕ್ಕೆ ಹೋಯಿತು, ಮೆಲ್ಲಗೆ ಬಲಕ್ಕೆ ಬಂತು.

ಅತ್ತಿಗೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಒಂದು ಸಲಕ್ಕೆ ನಂಬುವ ಪೈಕಿಯಲ್ಲ ನಮ್ಮ ಲಾಂಡ್ರಿ ಅಕ್ಕ. "ಏನಂದೆ? ಹೊರಡ್ಲಾ?" ಎಂದು ಮತ್ತೆ ಕೇಳಿದಳು. ತಲೆ ಮತ್ತೆ ಎಡಕ್ಕೆ, ಬಲಕ್ಕೆ. ಧ್ವನಿ ಒಡೆದುಕೊಂಡು ಮೂರನೇ ಸಲ ಕೇಳಿದಾಗ ಅವನ ಹುಬ್ಬು ಗಂಟಾಯಿತು. ಎಷ್ಟು ಸಲ ಹೇಳಬೇಕು ಎಂಬಂತೆ ರೇಗಿದ ಮುಖ ಮಾಡಿ, ಎಡಗೈಯಲ್ಲಿ ಅವಳ ಚೀಲದ ಹಿಡಿ ಹಿಡಿದು ಎಳೆದ.

ಅತ್ತಿಗೆ ನರ್ಸನ್ನು ಕೂಗುತ್ತ ಓಡಿದರು.

"ಆಯ್ತಪ್ಪಾ ಆಯ್ತು, ಹೋಗಲ್ಲ" ಅಂದಳು ಲಾಂಡ್ರಿ ಅಕ್ಕ, ಕಣ್ಣೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ಚೀಲ ಬಿಡಿಸಿಕೊಳ್ಳದೆ. ಕಾಲಿನಿಂದಲೇ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.